ಊರಿನ ಅತಿ ಸ್ವಚ್ಛ ಹೊಟ್ಟೆ

ಮುಂಜಾನೆ ಎಂಟೂಕಾಲಿಗೆ ಫಕ್ಕೀರಪ್ಪ ತನ್ನ ಡಬ್ಬಿ ತಂದು ಮೇಜಿನ ಮೇಲಿಡುವವರೆಗೆ ಅರಳಿಕೋಟೆಯ ಜರಡಿ ಶುರುವಾಗುತ್ತಿರಲಿಲ್ಲ. ಡಬ್ಬಿಯಲ್ಲಿ ಇರುತ್ತಿದ್ದದ್ದೇನು ಎಂದು ಮುಚ್ಚಿಟ್ಟು ಹೇಳುವುದೇಕೆ, ಅವನದೇ ಮಲ, ಒಂದು ಚಮಚೆಯಷ್ಟು. ಬಿಳಿ ಮುಚ್ಚಳದ ಮೇಲೆ ತಾರೀಖು, ಕ್ರಮಸಂಖ್ಯೆ, ಅದರ ಕೆಳಗೆ ಅವನ ದಪ್ಪ ಅಕ್ಷರದಲ್ಲಿ ‘ಸ್ವಚ್ಛ’ ಎಂಬ ಒಂದು ಪದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ ಆ ಒತ್ತಕ್ಷರಗಳನ್ನು ಮಾತ್ರ ಒಂದು ದಿನವೂ ತಪ್ಪು ಬರೆದವನಲ್ಲ.

“ಅಕ್ಕಾರ, ಇವತ್ತಿಂದು ತಗೋರಿ,” ಎನ್ನುತ್ತಿದ್ದ.

“ನಿನ್ನೆ ಏನ್ ಉಂಡಿದ್ರಿ ಫಕ್ಕೀರಣ್ಣ?” ಡಾಕ್ಟರ್ ದಾಕ್ಷಾಯಣಿ ಇದನ್ನು ಕೇಳಿ ವಹಿಯಲ್ಲಿ ಬರೆದುಕೊಳ್ಳಬೇಕು, ಅದು ಪ್ರಯೋಗಾಲಯದ ನಿಯಮ.

“ಜ್ವಾಳದ ರೊಟ್ಟಿ, ಎಣಗಾಯಿ, ಕೆಂಪ್ ಚಟ್ನಿ. ಮ್ಯಾಲೆ ನಾಕು ಮಿರ್ಚಿ ಭಜಿ.”

“ನಾಕ?”

“ಆರು ಅಂತ ಬರಕೋರಿ. ನಿಮ್ಮ ಮುಂದ ಎಂಥಾ ಸುಳ್ಳು.”

ರೋಗ ಸೋಸುವ ಈ ಯಂತ್ರಕ್ಕೆ ಜರಡಿ ಎಂಬ ಹೆಸರು ಊರವರು ಇಟ್ಟದ್ದು. ಊರಿನ ಚರಂಡಿಗಳೆಲ್ಲ ಬಂದು ಕೂಡುವ ನಾಲ್ಕು ಕಡೆ ನಾಲ್ಕು ಕಬ್ಬಿಣದ ಪೆಟ್ಟಿಗೆಗಳಿದ್ದವು. ಅವು ಗಳಿಗೆಗೊಮ್ಮೆ ಕೊಳಚೆ ನೀರನ್ನು ಗುಟುಕರಿಸಿ, ಅದರಲ್ಲಿರುವ ವೈರಸ್ಸುಗಳ ವಂಶಾಕ್ಷರಗಳನ್ನು ಒಂದೊಂದಾಗಿ ಓದಿ ಪ್ರಯೋಗಾಲಯಕ್ಕೆ ಕಳುಹಿಸುತ್ತಿದ್ದವು. ಹೊಟ್ಟೆ ಕೆಡಿಸುವ ವೈರಸ್ಸುಗಳದು ದೊಡ್ಡ ಬಳಗ. ರೋಟಾ ಒಂದು ಮನೆ, ನೋರೊ ಒಂದು ಮನೆ, ಆಸ್ಟ್ರೊ ಒಂದು ಮನೆ, ಮನೆಗೆ ನೂರು ಕವಲು. ತಮ್ಮನ್ನು ತಾವೇ ನಕಲು ಮಾಡಿಕೊಳ್ಳುವಾಗ ಇವು ಅಕ್ಷರ ತಪ್ಪುತ್ತವೆ, ತಿದ್ದುವ ಮಾಸ್ತರರು ಇಲ್ಲ. ಆ ತಪ್ಪುಗಳಿಂದಲೇ ಅವಕ್ಕೆ ಹೊಸ ಕವಚ ಬರುತ್ತದೆ. ಹೋದ ವರ್ಷ ಸೋತ ವೈರಸ್ಸು ಈ ವರ್ಷ ಬೇರೆ ಅಂಗಿ ತೊಟ್ಟು ಬಾಗಿಲಿಗೆ ಬಂದರೆ ನಮ್ಮ ಮೈಗೆ ಗುರುತೇ ಸಿಗುವುದಿಲ್ಲ. ಯಾವ ಅಂಗಿ ತೊಟ್ಟು ಬರುತ್ತಿದೆ ಎಂದು ಜರಡಿ ತಿಂಗಳು ಮೊದಲೇ ಹೇಳಿಬಿಡುತ್ತಿತ್ತು. ಅದಕ್ಕೆ ತಕ್ಕಂತೆ ಕಾರ್ಖಾನೆಯಲ್ಲಿ ಹನಿಮದ್ದು ತಯಾರಾಗಿ, ಮಳೆ ಹಿಡಿಯುವ ಮೊದಲು ಮಕ್ಕಳ ನಾಲಿಗೆಗೆ ಎರಡೆರಡು ಹನಿ ಬೀಳುತ್ತಿತ್ತು. ಮೊದಲು ಪ್ರತಿ ಮಳೆಗಾಲಕ್ಕೆ ಮೂವತ್ತು ನಲವತ್ತು ಮಕ್ಕಳನ್ನು ಮಣ್ಣಿಗೆ ಕೊಡುತ್ತಿದ್ದ ಊರು ಅದು. ಜರಡಿ ಬಂದ ಮೇಲೆ ಹನ್ನೆರಡು ವರ್ಷ ವಾಂತಿಭೇದಿಗೆ ಒಂದು ಕೂಸೂ ಸತ್ತಿರಲಿಲ್ಲ.

ಯಂತ್ರ ಕೂರಿಸಿದ ಎಂಜಿನಿಯರುಗಳು ಎಲ್ಲೋ ದೂರದವರು. ಏನೂ ಇಲ್ಲದ ಮಾದರಿ ಎಂದು ದಿನಾ ಒಂದು ಶೀಶೆ ಶುದ್ಧ ನೀರು ಓಡಿಸಿ, ಅದರಲ್ಲಿ ಕಂಡದ್ದನ್ನು ಲೆಕ್ಕದಿಂದ ಕಳೆಯಿರಿ ಎಂದು ಹೇಳಿಹೋಗಿದ್ದರು. ಮೊದಲ ವಾರವೇ ಜರಡಿ ಬೊಬ್ಬೆ ಹಾಕಿತು. ನೋಡಿದರೆ ಚರಂಡಿಯಲ್ಲಿದ್ದ ವೈರಸ್ಸುಗಳಲ್ಲಿ ಮುಕ್ಕಾಲು ಪಾಲು ಮೆಣಸಿನ ಗಿಡದವು! ಗಿಡಕ್ಕೆ ರೋಗ ತರುವ, ಮನುಷ್ಯನಿಗೆ ಏನೂ ಮಾಡದ ವೈರಸ್ಸು. ಚಟ್ನಿಯೊಂದಿಗೆ ಒಳಹೋಗಿ ಹೋದ ಹಾಗೆಯೇ ಹೊರಬರುವಂಥದು. ಚೀಲಗಟ್ಟಲೆ ಮೆಣಸಿನಕಾಯಿ ತಿನ್ನುವ ಊರಿನ ಚರಂಡಿಯಲ್ಲಿ ಇನ್ನೇನು ಸಿಗಬೇಕು? ಆ ಗದ್ದಲದಲ್ಲಿ ನಿಜವಾದ ರೋಗ ಕಾಣುವಂತೆಯೇ ಇರಲಿಲ್ಲ. ಉಪಾಯ ಹುಡುಕಿದವಳು ಆಗಷ್ಟೇ ಕೆಲಸಕ್ಕೆ ಸೇರಿದ್ದ ದಾಕ್ಷಾಯಣಿ. ನೀರು ಬೇಡ, ಈ ಊರಿನ ಖಾರ ತಿನ್ನುವ, ರೋಗವಿಲ್ಲದ ಒಬ್ಬ ಮನುಷ್ಯನ ಮಾದರಿ ಓಡಿಸೋಣ ಎಂದಳು. ಅವನ ಹೊಟ್ಟೆಯಲ್ಲಿ ಇರುವುದನ್ನೆಲ್ಲ ಊರಿನ ಲೆಕ್ಕದಿಂದ ಕಳೆದರೆ ಉಳಿಯುವುದು ರೋಗ. ಊರಿನ ಖಾರಕ್ಕೆ ಊರಿನ ಹೊಟ್ಟೆಯೇ ಅಳತೆ. ಅದಕ್ಕೆ ಅವಳಿಗೆ ರಾಜಧಾನಿಯಲ್ಲಿ ಪ್ರಶಸ್ತಿಯೂ ಬಂತು.

ಇಪ್ಪತ್ಮೂರು ಜನ ಸಿಬ್ಬಂದಿಯನ್ನು ಅರವತ್ತು ದಿನ ಪರೀಕ್ಷಿಸಿದರು. ಚರಂಡಿಯ ಮುಚ್ಚಳ ಎತ್ತಿ ಕೊಳವೆ ಇಳಿಸುವ ಫಕ್ಕೀರಪ್ಪನ ಹೊಟ್ಟೆ ಎಲ್ಲರಿಗಿಂತ ಸ್ವಚ್ಛ. “ಕಲ್ಲ ಕೊಡ್ರಿ, ಅರಗಿಸಿ ತೋರಸ್ತೇನಿ,” ಎಂದು ಅವನು ಮೀಸೆ ತಿರುವಿದ. ಐದು ವರ್ಷ ತುಂಬಿದಾಗ ಶಾಲು ಹೊದಿಸಿ, ‘ಊರಿನ ಅತಿ ಸ್ವಚ್ಛ ಹೊಟ್ಟೆ’ ಎಂಬ ಪ್ರಮಾಣಪತ್ರ ಕೊಟ್ಟರು. ಪತ್ರಿಕೆಯಲ್ಲಿ ಫೋಟೊ ಬಂತು. ಊರಿನ ತಾಯಂದಿರು ಇಷ್ಟಕ್ಕೆ ಸುಮ್ಮನಿರುತ್ತಾರೆಯೇ? ಕೂಸಿಗೆ ಮೊದಲ ಅನ್ನ ಉಣಿಸುವ ದಿನ ಫಕ್ಕೀರಜ್ಜನ ಕೈತುತ್ತು ಬಿದ್ದರೆ ಹೊಟ್ಟೆ ಗಟ್ಟಿಯಾಗುತ್ತದೆಂದು ಸೋಮವಾರ ಸೋಮವಾರ ಅವನ ಮನೆಯ ಮುಂದೆ ಸಾಲು ಹಚ್ಚಿದರು. ಅವನು ಮೆತ್ತಗೆ ಅನ್ನ ಹಿಸುಕಿ, ಒಂದು ಹನಿ ತುಪ್ಪ ಹಾಕಿ, ಎಲ್ಲ ಕೂಸುಗಳಿಗೂ ತುತ್ತು ಇಡುತ್ತಿದ್ದ. ಒಂದು ಪೈಸೆ ಮುಟ್ಟಿದವನಲ್ಲ. ದಾಕ್ಷಾಯಣಿಯೂ ಅತ್ತೆಯ ಮಾತಿಗೆ, ನಗುತ್ತ ನಗುತ್ತ, ತನ್ನ ಮಗಳನ್ನು ಒಯ್ದು ಆ ತುತ್ತು ತಿನ್ನಿಸಿಕೊಂಡು ಬಂದಿದ್ದಳು. ನಂಬಿಕೆಯಿಲ್ಲ, ಆದರೂ ಇರಲಿ ಎನ್ನುವುದು ವಿಜ್ಞಾನಿಗಳಿಗೂ ಇರುತ್ತದೆ.

ಜರಡಿ ಬಂದ ಹತ್ತನೇ ವರ್ಷ ಫಕ್ಕೀರಪ್ಪನ ಬೆರಳುಗಳು ಬಾತುಕೊಂಡವು. ಸಂದು ಸಂದಿನಲ್ಲಿ ನೋವು. ಚರಂಡಿಯ ಮುಚ್ಚಳ ಹಾಗಿರಲಿ, ತುತ್ತು ಕಟ್ಟಲಿಕ್ಕೂ ಬೆರಳು ಮಡಚುತ್ತಿರಲಿಲ್ಲ. ಸೋಮವಾರದ ಸಾಲು ನಿಂತುಹೋಯಿತು. ಅವನ ಮುಖ ನೋಡಲಾರದೆ ದಾಕ್ಷಾಯಣಿಯೇ ತನ್ನ ಸಹಪಾಠಿಯಾಗಿದ್ದ ವೈದ್ಯರ ಹತ್ತಿರ ಕರೆದೊಯ್ದಳು. ಮೈಯ ಕಾವಲುಗಾರರೇ ತಿರುಗಿಬಿದ್ದು ಸಂದುಗಳನ್ನು ತಿನ್ನುತ್ತಿದ್ದಾರೆ, ಅವರನ್ನು ತುಸು ಮಂಪರಿನಲ್ಲಿ ಇಡಬೇಕು ಎಂದು ವೈದ್ಯರು ಬಲವಾದ ಗುಳಿಗೆ ಬರೆದುಕೊಟ್ಟರು. ಎರಡೇ ತಿಂಗಳಲ್ಲಿ ಬೆರಳು ಬಿಚ್ಚಿದವು.

“ನನ್ನ ಕೈ ನನಗ ತಿರುಗಿ ಕೊಡಿಸಿದ್ರಿ ಅಕ್ಕಾರ,” ಎಂದು ಅವನು ಕಣ್ಣಲ್ಲಿ ನೀರು ತಂದುಕೊಂಡ. ಮುಂದಿನ ಸೋಮವಾರ ಮತ್ತೆ ಸಾಲು ಹತ್ತಿತು.

ಪ್ರಯೋಗಾಲಯದಲ್ಲಿ ಒಂದು ಅರ್ಜಿ ನಮೂನೆ ಇತ್ತು. ಸ್ವಚ್ಛ ಮಾದರಿ ಕೊಡುವ ವ್ಯಕ್ತಿ ಯಾವ ಔಷಧ ತೆಗೆದುಕೊಳ್ಳುತ್ತಾನೆ ಎಂಬ ಪ್ರಶ್ನೆ ಅದರಲ್ಲಿತ್ತು. ಅದನ್ನು ತುಂಬಿದ್ದು ಮೊದಲ ವರ್ಷ. ಆಮೇಲೆ ವರ್ಷಕ್ಕೊಮ್ಮೆ ‘ಬದಲಾವಣೆ ಇಲ್ಲ’ ಎಂದು ಬರೆದು ಸಹಿ ಹಾಕುತ್ತಿದ್ದವಳು ದಾಕ್ಷಾಯಣಿ. ಗುಳಿಗೆ ಕೊಡಿಸಿದ ವರ್ಷವೂ ಹಾಗೆಯೇ ಹಾಕಿದಳು.

ಗುಳಿಗೆ ಶುರುವಾಗಿ ಎರಡೂವರೆ ವರ್ಷಕ್ಕೆ, ಮುಂಗಾರಿನಲ್ಲಿ, ಮಕ್ಕಳು ಸಾಯತೊಡಗಿದವು.

ಹನಿಮದ್ದು ಹಾಕಿಸಿಕೊಂಡ ಮಕ್ಕಳೇ. ಬೆಳಿಗ್ಗೆ ವಾಂತಿ ಶುರು, ಸಂಜೆಗೆ ನೀರಿನಂಥ ಭೇದಿ, ಉಪ್ಪು ಸಕ್ಕರೆಯ ನೀರು ಒಂದು ಗುಟುಕೂ ನಿಲ್ಲುವುದಿಲ್ಲ, ಮೂರನೇ ದಿನಕ್ಕೆ ಕಣ್ಣು ಗುಳಿ ಬಿದ್ದು ಮುಗಿಯಿತು. ಆಸ್ಪತ್ರೆಗಳು ಸ್ವಂತ ಪರೀಕ್ಷೆ ಬಿಟ್ಟು ಎಷ್ಟೋ ವರ್ಷವಾಗಿತ್ತು, ಮಾದರಿಗಳೆಲ್ಲ ಜರಡಿಗೇ ಬರುತ್ತಿದ್ದವು. ಜರಡಿ ಒಂದೇ ಉತ್ತರ ಕೊಡುತ್ತಿತ್ತು: ರೋಗಕಾರಕ ಕಂಡುಬಂದಿಲ್ಲ.

“ಡಾಕ್ಟರ್, ನಿಮ್ಮ ಮಷೀನೇ ಕ್ಲೀನ್ ಅಂತಿದೆ,” ಎಂದರು ರಾಜಧಾನಿಯಿಂದ ನಿರ್ದೇಶಕರು ಫೋನಿನಲ್ಲಿ. “ಅಂದ್ಮೇಲೆ ವೈರಸ್ ಅಲ್ಲ ಇದು. ನೀರಿಗೋ ಊಟಕ್ಕೋ ವಿಷ ಸೇರಿರ್ಬೇಕು. ಆ ಕಡೆ ನೋಡ್ಸಿ.”

ಆ ಕಡೆ ನೋಡಿದರು. ಎರಡು ಬಾವಿ ಮುಚ್ಚಿದರು, ಐಸ್‌ಕ್ಯಾಂಡಿ ಗಾಡಿಗಳನ್ನು ಒಡೆದರು, ಒಬ್ಬ ಗಿರ್ಮಿಟ್ ಮಾರುವವನನ್ನು ಜನ ಹಿಡಿದು ಬಡಿದರು. ಮನೆಗೆ ಬಂದವರಿಗೆ ನೀರು ಕೊಡುವುದನ್ನೂ ಊರು ಬಿಟ್ಟಿತು. ದಾಕ್ಷಾಯಣಿಯ ಗಂಡ ದಿನವಿಡೀ ನೀರು ಕಾಯಿಸುತ್ತ ಕೂತಿರುತ್ತಿದ್ದ. “ಹನ್ನೆರಡು ವರ್ಷ ಏನ್ ಓದಿದಿ ನೀನು? ಓದಿದ್ದೆಲ್ಲಾ ಎಲ್ಲಿ ಹೋತು?” ಎಂದು ಒಂದು ದಿನ ಕೇಳಿಯೇಬಿಟ್ಟ. ಅವಳು ಸಿಟ್ಟಿನಿಂದ ಎದ್ದು ಪ್ರಯೋಗಾಲಯಕ್ಕೆ ಹೊರಟಳು. ಇತ್ತ ಹೆದರಿದ ತಾಯಂದಿರಿಗೆ ಉಳಿದ ಭರವಸೆ ಒಂದೇ. ಸೋಮವಾರದ ಸಾಲು ಬೀದಿಯ ತುದಿ ಮುಟ್ಟಿತು.

ಒಂಬತ್ತನೆಯದಾಗಿ ಸತ್ತದ್ದು ಫಕ್ಕೀರಪ್ಪನ ಮೊಮ್ಮಗಳು ಈಶ್ವರಿ. ಮೂರೂವರೆ ವರ್ಷ. ದಾಕ್ಷಾಯಣಿ ಮಣ್ಣಿಗೆ ಹೋಗಿದ್ದಳು. ತಾಯಿ ರೇಣವ್ವ ಗೋಡೆಗೆ ಒರಗಿ ಕೂತಿದ್ದಳು, ಅತ್ತು ಅತ್ತು ದನಿ ಹೋಗಿತ್ತು. ಫಕ್ಕೀರಪ್ಪನ ತೊಡೆಯ ಮೇಲೆ ಈಶ್ವರಿಯ ತಮ್ಮ, ಏಳು ತಿಂಗಳ ಕೂಸು, ಅಜ್ಜನ ಬೆರಳು ಚೀಪುತ್ತಿತ್ತು.

“ಕಡೀ ದಿನಾನೂ ನನ್ನ ಕೈಲೆ ಒಂದ್ ತುತ್ತು ತಿಂದ್ಳ್ರಿ ಅಕ್ಕಾರ,” ಎಂದ ಅವನು. “ಯಾರ ಕೈಲೆ ಕೊಟ್ರೂ ಒಲ್ಲೆ ಅಂತಿದ್ಲು.”

ಮರುದಿನ ಡಬ್ಬಿ ಬರಲಿಲ್ಲ. ಅವನು ರಜೆ ಹಾಕಿದ ದಿನವೂ ಡಬ್ಬಿ ಮಾತ್ರ ಯಾರ ಕೈಯಲ್ಲಾದರೂ ಬರುತ್ತಿತ್ತು. ಈಗ ಸೂತಕದ ಮನೆಗೆ ಹೋಗಿ ಅದನ್ನು ಕೇಳುವವರು ಯಾರು? ತಂತ್ರಜ್ಞೆ ಶಿವಲೀಲಾ ಹತ್ತೂವರೆಗೆ ಬಂದು, “ಮೇಡಂ, ನೀರು ಹಾಕಿ ಓಡಸ್ಲೇನ್ರಿ? ಆಸ್ಪತ್ರಿಯವ್ರು ಒಂದಸವನ ಫೋನ್ ಮಾಡಾಕತ್ತಾರ,” ಎಂದಳು.

“ಓಡ್ಸು. ಮೆಣಸಿನಕಾಯಿ ಗದ್ದಲ ಬರ್ತೈತಿ, ಅದನ್ನ ನಾನು ಕೈಲೇ ತಗೀತೇನಿ.”

ನಾಲ್ಕೂ ಚರಂಡಿಗಳ ಪರದೆ ಒಮ್ಮೆಲೇ ಕೆಂಪಾಯಿತು. ಅದು ನಿರೀಕ್ಷೆಯದೇ. ದಾಕ್ಷಾಯಣಿ ಮೆಣಸಿನ ಗಿಡದ ವೈರಸ್ಸುಗಳನ್ನು ಹೆಸರು ಹಿಡಿದು ಅಳಿಸುತ್ತ ಹೋದಳು. ಅವೆಲ್ಲ ಹೋದವು. ಪರದೆ ಮಾತ್ರ ಕೆಂಪಾಗಿಯೇ ಇತ್ತು. ಉಳಿದದ್ದು ಒಂದೇ ವೈರಸ್ಸು, ನಾಲ್ಕೂ ಚರಂಡಿಗಳಲ್ಲಿ ಅದೇ. ಸತ್ತ ಮಕ್ಕಳ ಮಾದರಿಗಳನ್ನು ಅದೇ ರೀತಿ ಓಡಿಸಿದಳು, ಒಂಬತ್ತರಲ್ಲೂ ಅದೇ. ನೋರೊ ಬಳಗದ್ದು, ಆದರೆ ಅಂಥ ಕವಚ ಯಾವ ದಾಖಲೆಯಲ್ಲೂ ಇಲ್ಲ.

“ಸಿಕ್ಕಿತು!” ಎಂದು ಕೂಗಿದಳು. ಎಷ್ಟು ಸಂತೋಷವಾಯಿತೆಂದರೆ ಶಿವಲೀಲಾಳ ಕೈ ಹಿಡಿದು ಅಲುಗಾಡಿಸಿದಳು.

ಶಿವಲೀಲಾ ಪರದೆಯನ್ನೇ ನೋಡುತ್ತಿದ್ದಳು. “ಇಷ್ಟ್ ದಿನಾ ಯಾಕ ಕಾಣ್ಲಿಲ್ರಿ ಇದು? ಇವತ್ತ ನಾವು ಬ್ಯಾರೆ ಏನ್ ಮಾಡಿದ್ವಿ?”

ದಾಕ್ಷಾಯಣಿ ಹಿಡಿದಿದ್ದ ಕೈ ಬಿಟ್ಟಳು. ಬೇರೆ ಮಾಡಿದ್ದು ಒಂದೇ. ಫಕ್ಕೀರಪ್ಪನನ್ನು ಕಳೆದಿರಲಿಲ್ಲ.

ಪ್ರತಿದಿನದ ಡಬ್ಬಿಯಲ್ಲಿ ಒಂದು ಪಾಲು ಶೀತಲ ಪೆಟ್ಟಿಗೆಗೆ ಹೋಗುತ್ತಿತ್ತು. ಹನ್ನೆರಡು ವರ್ಷದವೂ ಸಾಲಾಗಿ ಇದ್ದವು, ಎಲ್ಲ ಮುಚ್ಚಳಗಳ ಮೇಲೂ ‘ಸ್ವಚ್ಛ’. ತಿಂಗಳಿಗೊಂದರಂತೆ ಕೊನೆಯ ಮೂವತ್ತು ತೆಗೆದು ಇಬ್ಬರೂ ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ ಯಂತ್ರ ವಂಶವೃಕ್ಷ ಬರೆದು ಮುಗಿಸಿತು. ಊರಿನ ವೈರಸ್ಸುಗಳ ವಂಶವೃಕ್ಷ ಯಾವಾಗಲೂ ಪೊದೆಯಂತೆ ಹರಡಿಕೊಂಡಿರುತ್ತದೆ. ಇದು ಕವಲಿಲ್ಲದೆ ನೆಟ್ಟಗೆ ಮೇಲೇರಿತ್ತು. ಒಂದೇ ಮೈಯಲ್ಲಿ ಬೆಳೆದದ್ದು ಹಾಗೆಯೇ ಇರುತ್ತದೆ.

ಬುಡದಲ್ಲಿ ಇದ್ದದ್ದು ಸಾಧಾರಣ ನೋರೊ, ಯಾರ ಮೈಗೆ ಬಂದರೂ ಮೂರು ದಿನ ಕಾಡಿ ಹೋಗುವಂಥದು. ಅದು ಫಕ್ಕೀರಪ್ಪನ ಹೊಟ್ಟೆ ಸೇರಿದ್ದು ಗುಳಿಗೆ ಶುರುವಾದ ಮೂರನೇ ತಿಂಗಳು. ಮಂಪರಿನಲ್ಲಿದ್ದ ಕಾವಲುಗಾರರು ಅದನ್ನು ಕೊಲ್ಲಲಿಲ್ಲ, ಸುಮ್ಮನೆ ಬಿಡಲೂ ಇಲ್ಲ, ಅರೆಮನಸ್ಸಿನಿಂದ ದಿನಾ ಕುಸ್ತಿ ಹಿಡಿದರು. ಗರಡಿಯಲ್ಲಿ ತನ್ನನ್ನು ಪೂರ್ತಿ ಕೆಡವಲಾರದ ಉಸ್ತಾದನ ಕೈಯಲ್ಲಿ ದಿನಾ ಪಳಗಿದ ಹುಡುಗ ಪಟ್ಟುಗಳನ್ನೆಲ್ಲ ಕಲಿತುಬಿಡುತ್ತಾನೆ, ಹಾಗಾಯಿತು ಇದು. ಹದಿನಾಲ್ಕನೇ ತಿಂಗಳಲ್ಲಿ ಇನ್ನೊಂದು ನೋರೊ ಬಂದು ಕೂಡಿಕೊಂಡು, ಎರಡೂ ತಮ್ಮ ತುಂಡುಗಳನ್ನು ಅದಲು ಬದಲು ಮಾಡಿಕೊಂಡಿದ್ದವು. ಫಕ್ಕೀರಪ್ಪನಿಗೆ ಒಂದು ದಿನವೂ ಹೊಟ್ಟೆನೋವು ಬಂದಿರಲಿಲ್ಲ. ವೈರಸ್ಸು ಬದಲಾದಾಗಲೆಲ್ಲ ಮರುದಿನದ ಡಬ್ಬಿಯೂ ಬದಲಾಗಿ, ಜರಡಿ ಅದನ್ನು ತಪ್ಪದೆ ಕಳೆಯುತ್ತ ಬಂದಿತ್ತು. ತುದಿಯಲ್ಲಿದ್ದ ವೈರಸ್ಸಿಗೂ ಈಶ್ವರಿಯ ಮಾದರಿಯಲ್ಲಿ ಸಿಕ್ಕಿದ್ದಕ್ಕೂ ಒಂದು ಅಕ್ಷರದ ವ್ಯತ್ಯಾಸವಿರಲಿಲ್ಲ.

ಬುಡದಿಂದ ತುದಿಯವರೆಗೆ ಎಲ್ಲ ಪೀಳಿಗೆಯೂ ಡಬ್ಬಿಗಳಲ್ಲಿ ಇದ್ದುದರಿಂದ, ಸೌಮ್ಯವಾದ ಒಂದನ್ನು ಆರಿಸಿ ಹನಿಮದ್ದು ಮಾಡುವುದು ಕಷ್ಟವಿರಲಿಲ್ಲ. ಹತ್ತೊಂಬತ್ತು ದಿನ ಬೇಕು ಎಂದಿತು ಕಾರ್ಖಾನೆ. ವರದಿಯಲ್ಲಿ ‘ಮೂಲ’ ಎಂಬ ಒಂದು ಮನೆ ಖಾಲಿ ಉಳಿಯಿತು. ‘ತಿಳಿದಿಲ್ಲ’ ಎಂದು ಬರೆದರೆ ಯಾರೂ ಕೇಳುವವರಿಲ್ಲ. ಅವನ ಮಾನವೂ ಉಳಿಯುತ್ತದೆ, ತನ್ನ ಸಹಿಯೂ ಮುಚ್ಚಿಹೋಗುತ್ತದೆ. ಬರೆಯಲು ಪೆನ್ನು ತೆಗೆದಳು ಕೂಡ. ಆಗ ಅಜ್ಜನ ಬೆರಳು ಚೀಪುತ್ತಿದ್ದ ಆ ಕೂಸು ನೆನಪಾಯಿತು. ಅವಳು ಹೇಳಲೇಬೇಕಿತ್ತು, ಈ ದಿನವೇ. ಅಂದೇ ಅವನ ಮನೆಗೆ ನಡೆದಳು.

ಅವನು ಅಂಗಳದಲ್ಲಿ ಕೂತು ಅನ್ನ ಹಿಸುಕುತ್ತಿದ್ದ. ಕೂಸು ಮುಂದೆ ಬಾಯಿ ತೆರೆದು ಕಾಯುತ್ತಿತ್ತು.

“ಫಕ್ಕೀರಣ್ಣ, ಕೈ ತಗೀರಿ!” ಎಂದಳು ಬಾಗಿಲಿನಿಂದಲೇ. ದನಿ ಎಷ್ಟು ಗಡುಸಾಗಿತ್ತೆಂದರೆ ಕೂಸು ಅಳತೊಡಗಿತು, ಒಳಗಿನಿಂದ ರೇಣವ್ವ ಓಡಿಬಂದಳು. “ರೇಣವ್ವ, ಕೂಸನ್ನ ಎತಗೋ. ಒಳಗ ಒಯ್ಯಿ. ಬಾಯಿ ಕೈ ಸೋಪ್ ಹಚ್ಚಿ ತೊಳಿ.”

ಫಕ್ಕೀರಪ್ಪ ತುತ್ತನ್ನು ಹಿಡಿದುಕೊಂಡೇ ಅವಳನ್ನು ನೋಡಿದ. “ಏನಾತ್ರಿ ಅಕ್ಕಾರ? ಡಬ್ಬಿ ಕಳಸ್ಲಿಲ್ಲಂತ ಸಿಟ್ಟಾ? ನಾಳಿಂದ ತರ್ತೇನ್ರಿ.”

ಅವಳು ಅವನೆದುರು ನೆಲದ ಮೇಲೆ ಕೂತು ಹೇಳಿದಳು. ಗುಳಿಗೆಯಿಂದ ಶುರುಮಾಡಿ, ಅರ್ಜಿ ನಮೂನೆಯನ್ನೂ ತನ್ನ ಸಹಿಯನ್ನೂ ಬಿಡದೆ ಹೇಳಿದಳು. ತಪ್ಪು ನನ್ನದು, ನಿಮ್ಮದಲ್ಲ ಎಂದು ಮೂರು ಸಲ ಹೇಳಿದಳು. ಹಿಸುಕಿದ ಅನ್ನ ಅವನ ಕೈಯಲ್ಲೇ ಒಣಗುತ್ತಿತ್ತು.

“ಈಶಿಗೂ ನನ್ನಿಂದಾನ?” ಎಂದ ಕೊನೆಗೆ.

“ಹೌದ್ರಿ.”

“ಸೋಮವಾರದ ಕೂಸುಗೋಳಿಗೂ?”

ಅವಳು ಹೌದೆಂದು ತಲೆಯಾಡಿಸಿದಳು.

ಅವನು ಗಂಗಾಳವನ್ನು ದೂರ ಸರಿಸಿದ. ಆಮೇಲೆ ತಲೆ ಎತ್ತಿದಾಗ ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಏನೋ ತಿಳಿಯದವನ ಗಲಿಬಿಲಿ ಇತ್ತು. “ನಾ ದಿನಾ ತಂದ್ ನಿಮ್ಮ ಕೈಯಾಗ ಕೊಟ್ಟೇನಲ್ರಿ ಅಕ್ಕಾರ. ಒಂದ್ ದಿನಾನೂ ತಪ್ಪಿಸಿಲ್ಲ. ಒಂದ್ ದಿನಾ ತಗದು ನೋಡ್ಲಿಲ್ಲೇನ್ರಿ?”

ಹನ್ನೆರಡು ವರ್ಷದಲ್ಲಿ ಅವಳು ಅವನ ಡಬ್ಬಿಯಲ್ಲಿ ಇದ್ದದ್ದನ್ನು ಕಳೆದಿದ್ದಳು, ಓದಿರಲಿಲ್ಲ. ಆ ಮಾತನ್ನು ಅವನಿಗೆ ಹೇಗೆ ಹೇಳುವುದೆಂದು ತಿಳಿಯದೆ ಅತ್ತಳು.

ಅವನು ತಾನಾಗಿಯೇ ಎದ್ದು ಬಂದ. ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಅವನನ್ನು ಇರಿಸಿದರು. ವರದಿಯಲ್ಲಿ ಅವನ ಹೆಸರಿನ ಪಕ್ಕದಲ್ಲಿ ದಾಕ್ಷಾಯಣಿ ತನ್ನ ಹೆಸರನ್ನೂ ಬರೆದಳು. ನಿರ್ದೇಶಕರು ಅವಳನ್ನು ಬದಲಾಯಿಸಲು ಆದೇಶ ಹೊರಡಿಸಿದರು, ಆದರೆ ಹನಿಮದ್ದು ಬರುವವರೆಗೆ ಇರಲು ಹೇಳಿದರು. ಆ ಹತ್ತೊಂಬತ್ತು ದಿನಗಳಲ್ಲಿ ಇನ್ನೂ ಆರು ಮಕ್ಕಳು ಸತ್ತವು. ಜನ ಕಲ್ಲು ತೂರಿ ಕೋಣೆಯ ಕಿಟಕಿ ಒಡೆದರು. ಶಾಲು ಹೊದಿಸಿದಾಗ ಚಪ್ಪಾಳೆ ಹೊಡೆದ ಕೈಗಳೇ ಅವು.

ವೈರಸ್ಸು ಅವನ ಮೈ ಬಿಡಬೇಕಾದರೆ ಕಾವಲುಗಾರರು ಎಚ್ಚರಗೊಳ್ಳಬೇಕಿತ್ತು, ಹಾಗಾಗಿ ಗುಳಿಗೆ ನಿಲ್ಲಿಸಿದರು. ಎರಡೇ ವಾರದಲ್ಲಿ ಬೆರಳುಗಳು ಮೊದಲಿನಂತೆ ಬಾತು ಸೆಟೆದವು. ಆದರೂ ಮುಂಜಾನೆ ಎಂಟೂಕಾಲಿಗೆ ಡಬ್ಬಿ ಬಾಗಿಲ ಹೊರಗೆ ಇರುತ್ತಿತ್ತು. ಮುಚ್ಚಳದ ಮೇಲೆ ಸೊಟ್ಟಪಟ್ಟ ತಾರೀಖು, ಸೊಟ್ಟಪಟ್ಟ ಕ್ರಮಸಂಖ್ಯೆ, ಅದರ ಕೆಳಗೆ ಏನೂ ಇಲ್ಲ.

ಇಪ್ಪತ್ತನೇ ದಿನ ಊರಿನ ಮಕ್ಕಳಿಗೆಲ್ಲ ಹೊಸ ಹನಿ ಬಿತ್ತು. ಸಂಜೆ ದಾಕ್ಷಾಯಣಿ ಮೈತುಂಬ ನಿಲುವಂಗಿ, ಎರಡು ಜೊತೆ ಕೈಗವಸು ತೊಟ್ಟು ಒಳಗೆ ಹೋದಳು. ಬೆಳಗಿನ ತಟ್ಟೆ ಹಾಗೆಯೇ ಇತ್ತು.

“ನಿನ್ನೆ ಏನ್ ಉಂಡ್ರಿ ಫಕ್ಕೀರಣ್ಣ?”

“ಏನೂ ಇಲ್ಲಂತ ಬರಕೋರಿ.”

ಬೆರಳು ಮಡಚದೆ ಅವನಿಗೆ ಉಣ್ಣಲಾಗುತ್ತಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ತಟ್ಟೆಯ ಮುಂದೆ ಕೂತು ಅನ್ನ ಸಾರು ಕಲಸಿ, ಕೈಗವಸಿನ ಬೆರಳಲ್ಲಿ ಒಂದು ತುತ್ತು ಕಟ್ಟಿ ಅವನ ಬಾಯಿಯ ಹತ್ತಿರ ಒಯ್ದಳು. ಅವನು ಬಾಯಿ ತೆರೆಯಲಿಲ್ಲ.

“ಸಣ್ಣ ಕೂಸಿಗೆ ಹನಿ ಹಾಕಿದ್ರೇನ್ರಿ?”

“ಹಾಕೇವ್ರಿ. ಆರಾಮ ಐತಿ.”

“ಉಣ್ತೈತೇನು? ನನ್ನ ಕೈ ಬಿಟ್ರ ಉಣ್ತಿದ್ದಿಲ್ಲ.”

“ಉಣ್ತೈತ್ರಿ. ರೇಣವ್ವ ಉಣಿಸ್ತಾಳ. ಚಮಚಾಲೆ.”

“ಚಲೋ ಆತು,” ಎಂದ. ಆಮೇಲೆ ಅವಳ ಕೈಯಲ್ಲಿದ್ದ ತುತ್ತನ್ನು ನೋಡಿದ. “ನನಗೂ ಒಂದ್ ಚಮಚಾ ತರ್ರಿ ಅಕ್ಕಾರ. ಕೈತುತ್ತು ಬ್ಯಾಡ.”

ದಾಕ್ಷಾಯಣಿ ತುತ್ತನ್ನು ತಟ್ಟೆಗೆ ಇಳಿಸಿ, ಚಮಚೆ ತರಲು ಎದ್ದಳು.